ಡಾಕ್ಟ್ರಮ್ಮನ ಜೇಬಿನ ಟಾರ್ಚು

ನನ್ನ ಚೂಡಿದಾರಗಳಿಗೆಲ್ಲ ಬಲಗಡೆ ಒಂದು ಉದ್ದ ಜೇಬಿದೆ. ಟಾರ್ಚ್ ಇಡುವುದಕ್ಕೆ ಅಂತಲೇ ಹೊಲಿಸಿದ್ದು. ಮೊದಲ ಸಲ ಹೇಳಿದಾಗ ಟೈಲರ್ ನಕ್ಕರು. "ಮೊಬೈಲಿಗಾ ಮೇಡಂ?" ಅಂದರು. ಅಲ್ಲ, ಟಾರ್ಚಿಗೆ ಅಂದೆ. ಅಳತೆ ಬೇಕಲ್ಲ, ಟಾರ್ಚನ್ನೇ ತೆಗೆದು ಮೇಜಿನ ಮೇಲಿಟ್ಟೆ. ಉದ್ದ 12 ಸೆಂಟಿಮೀಟರ್ ಹತ್ತಿರ, ದಪ್ಪ ಎರಡೂವರೆಗೆ ಒಂಚೂರು ಕಡಿಮೆ. ಸೀಮೆಸುಣ್ಣದಲ್ಲಿ ಅದರ ಸುತ್ತ ಗೆರೆ ಎಳೆದುಕೊಂಡರು. "ಹೆಂಗಸರ ಬಟ್ಟೆಗೆ ಇಂಥ ಜೇಬು ಹೊಲಿದದ್ದು ಇದೇ ಮೊದಲು" ಅಂದರು. ಅದೇ ನೋಡಿ ತೊಂದರೆ. ದಿನಾ ಒಯ್ಯುವ ಟಾರ್ಚ್ ಹೇಗಿರಬೇಕು ಅಂತ ಬರೆಯುವವರೆಲ್ಲ ಪ್ಯಾಂಟ್ ಹಾಕುವ ಗಂಡಸರು. ಜೇಬು ಇದ್ದೇ ಇರುತ್ತದೆ ಅಂದುಕೊಂಡು ಶುರು ಮಾಡುತ್ತಾರೆ.

ನಾನು ಹೊಸನಗರ ತಾಲ್ಲೂಕಿನ ಕಡೆ ದನದ ಡಾಕ್ಟರು. 14 ವರ್ಷ ಆಯಿತು. ಹಸುಗಳು ಹೊತ್ತು ನೋಡಿಕೊಂಡು ಕರು ಹಾಕುವುದಿಲ್ಲ. ಮಳೆಗಾಲದಲ್ಲಂತೂ ಸಂಜೆ ಒಂದು ಗಾಳಿ ಬೀಸಿದರೆ ಸಾಕು, ಎಲ್ಲೋ ಒಂದು ಮರ ಲೈನಿನ ಮೇಲೆ ಬಿದ್ದು ಕರೆಂಟ್ ಹೋಗುತ್ತದೆ. ಮತ್ತೆ ಬರುವುದು ಯಾವಾಗಲೋ. ಸ್ಕೂಟರ್ ರಸ್ತೆಯಲ್ಲೇ ನಿಲ್ಲಿಸಿ, ಸಂಕ (ಹಳ್ಳದ ಮೇಲಿನ ಕಾಲುಸೇತುವೆ) ದಾಟಿ, ತೋಟದ ಅಂಚಿನಲ್ಲಿ ನಡೆದು ಹೋಗಬೇಕಾದ ಮನೆಗಳೇ ಜಾಸ್ತಿ. ಥರ್ಮಾಮೀಟರ್ ಮರೆತರೆ ಕಿವಿ ಮುಟ್ಟಿ ಅಂದಾಜು ಮಾಡಬಹುದು. ಟಾರ್ಚ್ ಮರೆತರೆ ಅರ್ಧ ದಾರಿಯಿಂದ ವಾಪಸ್ ತಿರುಗಬೇಕು.

ಈಗ ಆ ಜೇಬಿನಲ್ಲಿರುವುದು ಕಾನ್ವಾಯ್ ಎಸ್‌2 ಪ್ಲಸ್. ಚೀನಾದ್ದು. ಬೆಂಗಳೂರಿನಲ್ಲಿರುವ ತಮ್ಮ ತರಿಸಿಕೊಟ್ಟ. ಸೆಲ್, ಚಾರ್ಜರ್ ಎಲ್ಲ ಸೇರಿ ಎರಡೂವರೆ ಸಾವಿರದ ಒಳಗೆ ಮುಗಿಯಿತು. ನಾಲ್ಕು ಮಳೆಗಾಲ ಕಂಡಿದೆ. ಆದರೆ ಇದರ ವಿಷಯ ಹೇಳುವ ಮೊದಲು, ಇದಕ್ಕೂ ಮುಂಚೆ ನಾನು ನೀರಿಗೆ ಹಾಕಿದ ದುಡ್ಡಿನ ಲೆಕ್ಕ ಒಪ್ಪಿಸಬೇಕು.

ನಮ್ಮ ಕಡೆ ಟಾರ್ಚಿಗೆ ಬ್ಯಾಟ್ರಿ ಅಂತಲೇ ಹೆಸರು. ಒಳಗೆ ಹಾಕುವುದು ಶೆಲ್ಲು. ಅಜ್ಜನ ಹತ್ತಿರ ಮೂರು ಶೆಲ್ಲಿನ ಎವರೆಡಿ ಹಿತ್ತಾಳೆ ಬ್ಯಾಟ್ರಿ ಇತ್ತು. ಒಂಬತ್ತರ ಅಂಕಿಯೊಳಗಿಂದ ಬೆಕ್ಕು ಹಾರುವ ಚಿತ್ರದ ಕೆಂಪು ಶೆಲ್ಲು. ಜಗಲಿಯ ಮೊಳೆಗೆ ನೇತು ಹಾಕಿದ್ದನ್ನು ಮಕ್ಕಳು ಮುಟ್ಟುವ ಹಾಗಿರಲಿಲ್ಲ. ಶೆಲ್ಲು ವೀಕ್ ಆದರೆ ಅಜ್ಜಿ ಬಿಸಿಲಿಗಿಡುತ್ತಿದ್ದರು. ಬಿಸಿಲಿಲ್ಲದ ಆಷಾಢದಲ್ಲಿ ಬಚ್ಚಲೊಲೆಯ ಕಟ್ಟೆಯೇ ಗತಿ. ಇನ್ನೆರಡು ದಿನ ಉರಿಯುತ್ತಿತ್ತು. (ಈಗಿನ ಲಿಥಿಯಂ ಸೆಲ್ಲನ್ನು ಹಾಗೆ ಒಲೆ ಹತ್ತಿರ ಇಟ್ಟೀರಿ, ಜೋಕೆ.) ಅದರ ಬೆಳಕು ಹಳದಿ. ಈಗಿನ ಲೆಕ್ಕದಲ್ಲಿ ಏನೇನೂ ಅಲ್ಲ. ಆದರೆ ಆ ಬೆಳಕಿನಲ್ಲಿ ಅಜ್ಜ ಹಾವು ಯಾವುದು, ಅಡಿಕೆ ಹಾಳೆಯ ಚೂರು ಯಾವುದು ಅಂತ ದೂರದಿಂದಲೇ ಹೇಳುತ್ತಿದ್ದರು. ಇದು ಹೇಗೆ ಅಂತ ನನಗೆ ಗೊತ್ತಾಗಿದ್ದು ಕೆಲಸಕ್ಕೆ ಸೇರಿ ಎಷ್ಟೋ ವರ್ಷದ ಮೇಲೆ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಸಂತೆಯಿಂದ ಒಂದು ಚಾರ್ಜಿಂಗ್ ಟಾರ್ಚ್ ತಂದೆ. ಹಿಂದೆ ಪಿನ್ ಎಳೆದು ಗೋಡೆಯ ಪ್ಲಗ್ಗಿಗೆ ಸಿಗಿಸುವ ಥರದ್ದು. ಒಳಗಿರುವುದು ಸ್ಕೂಟರಿನ ಬ್ಯಾಟರಿಯ ಜಾತಿಯದ್ದೇ, ಸೀಸದ ಪುಟ್ಟ ಬ್ಯಾಟರಿ. ಅದನ್ನು ಖಾಲಿಯಾಗಿ ಬಿಟ್ಟರೆ ಸತ್ತೇ ಹೋಗುತ್ತದೆ. ಬೇಸಿಗೆಯಲ್ಲಿ ಎರಡು ತಿಂಗಳು ಮೂಲೆಗಿಟ್ಟೆ. ಜೂನ್‌ನಲ್ಲಿ ತೆಗೆದರೆ ಹೆಣ. ಆಮೇಲೆ ಕೆಲವು ದಿನ ಮೊಬೈಲ್ ಬೆಳಕಿನಲ್ಲೇ ಕಳೆದೆ. ಅದು ಸೆಗಣಿ ಗಟಾರಕ್ಕೆ ಬಿದ್ದ ದಿನ ಆ ಅಧ್ಯಾಯವೂ ಮುಗಿಯಿತು.

ಆಮೇಲಿನದು ಆನ್‌ಲೈನ್‌ನಲ್ಲಿ ತರಿಸಿದ್ದು. ಡಬ್ಬದ ಮೇಲೆ 10000 ಲ್ಯೂಮೆನ್, ಅಂದರೆ ಒಟ್ಟು ಬೆಳಕಿನ ಅಳತೆ. ಜೊತೆಗೆ ಬಂದ ಸೆಲ್ಲಿನ ಮೇಲೆ 9900 ಎಂಎಎಚ್, ಅಂದರೆ ಸೆಲ್ ಎಷ್ಟು ಚಾರ್ಜ್ ಹಿಡಿಯುತ್ತದೆ ಅನ್ನುವ ಲೆಕ್ಕ. ಇಂಥದ್ದೊಂದು ನಿಮ್ಮ ಕಣ್ಣಿಗೂ ಬಿದ್ದೇ ಇರುತ್ತದೆ. ಒಂದು ಮಾತು ನೆನಪಿಟ್ಟುಕೊಳ್ಳಿ. ಇದರಲ್ಲಿ ಬರುವ ಸೆಲ್ಲಿಗೆ 18650 ಅಂತ ಹೆಸರು. 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ ಅಂತ ಅರ್ಥ. ಒಳ್ಳೆಯ ಕಂಪನಿಯ 18650 ಸೆಲ್ಲುಗಳಲ್ಲೇ 3500 ಎಂಎಎಚ್ ಅಂದರೆ ದೊಡ್ಡದು. 9900 ಅಂತ ಬರೆದಿದ್ದರೆ ಬರೆದವರಿಗೂ ಗೊತ್ತು ಅದು ಸುಳ್ಳು ಅಂತ. ಅಸಲಿ ಸೆಲ್ 45 ಗ್ರಾಂ ಆಸುಪಾಸು ತೂಗುತ್ತದೆ. ನನ್ನದನ್ನು ಅಡುಗೆಮನೆಯ ತಕ್ಕಡಿಯ ಮೇಲಿಟ್ಟರೆ 29. ಬೆಳಕೂ ಅಷ್ಟೇ, ಹತ್ತು ನಿಮಿಷ ಜೋರು, ಆಮೇಲೆ ಮಿಂಚುಹುಳ.

ಆದರೆ ನನಗೆ ನಿಜವಾಗಿ ಬುದ್ಧಿ ಕಲಿಸಿದ್ದು ಅದಲ್ಲ, ಅದರ ನಂತರದ ಟಾರ್ಚು. ಅದು ಚೆನ್ನಾಗಿಯೇ ಇತ್ತು. ಗಟ್ಟಿ ಮೈ, ಹಾಲಿನಂಥ ಬಿಳಿ ಬೆಳಕು, ತೋಟದ ಆ ತುದಿಗೆ ಹೊಡೆಯುತ್ತಿತ್ತು. ಒಂದು ರಾತ್ರಿ ಒಂಬತ್ತೂವರೆಗೆ ಒಬ್ಬ ಗೌಡರ ಮನೆಯಿಂದ ಫೋನ್ ಬಂತು. "ಡಾಕ್ಟ್ರಮ್ಮ, ದನ ಬೆಳಗ್ಗಿಂದ ಹುಲ್ಲು ಮುಟ್ಟಿಲ್ಲ" ಅಂದರು. ಹೋದೆ. ಜ್ವರ ಇತ್ತು. ಕಣ್ಣಿನ ಕೆಳರೆಪ್ಪೆ ಇಳಿಸಿ ಟಾರ್ಚ್ ಬಿಟ್ಟೆ. ರಕ್ತ ಚೆನ್ನಾಗಿದ್ದರೆ ರೆಪ್ಪೆಯ ಒಳಗೆ ಗುಲಾಬಿ ಇರಬೇಕು. ರಕ್ತ ಕಡಿಮೆಯಾದರೆ ಬಿಳಿಚಿಕೊಂಡಿರುತ್ತದೆ. ಕಾಮಾಲೆ ಸೇರಿದರೆ ಹಳದಿ. ನನಗೆ ಕಂಡದ್ದು ಬೂದಿ ಬಣ್ಣ. ಇನ್ನೊಂದು ಕಣ್ಣು ನೋಡಿದೆ, ಅದೂ ಬೂದಿ. ವಸಡು ನೋಡಿದೆ, ಅದೂ ಬೂದಿ. ಅನುಮಾನ ಬಂದು ನನ್ನ ಅಂಗೈ ಮೇಲೆ ಬೆಳಕು ಬಿಟ್ಟುಕೊಂಡೆ. ಅದೂ ಹೆಣದ ಕೈ ಥರ ಕಾಣಿಸಿತು! ಜ್ವರಕ್ಕೆ ಔಷಧಿ ಕೊಟ್ಟು ಬೆಳಗ್ಗೆ ಬರುತ್ತೇನೆ ಅಂತ ಬಂದೆ. ಬೆಳಗ್ಗೆ ಹೋದರೆ ರೆಪ್ಪೆಯ ಒಳಗೆ ಅರಿಸಿನ ಬಳಿದ ಹಾಗಿದೆ, ಉಚ್ಚೆ ಕಾಫಿ ಡಿಕಾಕ್ಷನ್. ದನದ ಮೈಗೆ ಕಚ್ಚುವ ಉಣ್ಣೆ ಹುಳದಿಂದ ಬರುವ ಕೆಂಪು ಮೂತ್ರದ ಕಾಯಿಲೆ. ಹಸುವೇನೋ ಉಳಿಯಿತು. ಆದರೆ ಒಂದು ರಾತ್ರಿ ಸುಮ್ನೆ ಕಳೆದುಹೋಯಿತಲ್ಲ ಅಂತ ನನಗೆ ಇವತ್ತಿಗೂ ಇದೆ.

ತಮ್ಮನಿಗೆ ಫೋನಿನಲ್ಲಿ ಇದನ್ನು ಹೇಳಿಕೊಂಡಾಗ ಅವನು ಕೇಳಿದ, "ಅಕ್ಕಾ, ಅದರ ಸಿಆರ್‌ಐ ಎಷ್ಟು?" ನನಗೆ ಎಂಆರ್‌ಪಿ ಮಾತ್ರ ಗೊತ್ತಿತ್ತು.

ಸಿಆರ್‌ಐ ಅಂದರೆ ಒಂದು ಬೆಳಕಿನಲ್ಲಿ ವಸ್ತುಗಳ ಬಣ್ಣ ಎಷ್ಟು ಸರಿಯಾಗಿ ಕಾಣುತ್ತದೆ ಅನ್ನುವ ಅಂಕ. ಬಿಸಿಲಿಗೆ 100. ಅಗ್ಗದ ಬಿಳಿ ಎಲ್‌ಇಡಿಗಳು 70ರ ಹತ್ತಿರ ಇರುತ್ತವೆ. ಅದರಲ್ಲೂ ಒಂದು ಒಳಗುಟ್ಟಿದೆ. ಈ ಅಂಕ ತೆಗೆಯುವುದು ಎಂಟು ತಿಳಿ ಬಣ್ಣಗಳ ಸರಾಸರಿಯಿಂದ. ಗಾಢ ಕೆಂಪು ಆ ಎಂಟರಲ್ಲಿ ಇಲ್ಲವೇ ಇಲ್ಲ. ಅದಕ್ಕೆ ಆರ್9 ಅಂತ ಬೇರೆಯೇ ಅಂಕ. ಅಗ್ಗದ ಎಲ್‌ಇಡಿಯಲ್ಲಿ ಅದು ಸೊನ್ನೆಗಿಂತಲೂ ಕೆಳಗೆ ಹೋಗುತ್ತದೆ. ರಕ್ತ, ವಸಡು, ಮಾಸು, ಗಾಯ, ನಾನು ಟಾರ್ಚ್ ಹಾಕಿ ನೋಡುವುದೆಲ್ಲ ಕೆಂಪೇ. ಅಜ್ಜನ ಹಳೇ ಬಲ್ಬು ಮಂಕಾಗಿದ್ದರೂ ಬಣ್ಣದ ವಿಷಯದಲ್ಲಿ ಬಿಸಿಲಿನ ಜಾತಿಯದ್ದು. ತಂತಿ ಕಾದು ಉರಿಯುವ ಬೆಳಕು ಅದು. ಕೊಳಕುಮಂಡಲ ಕಂದು, ಅದರ ಕೆಳಗಿನ ತರಗೆಲೆಯೂ ಕಂದು. ಆದರೆ ಎರಡು ಕಂದು ಒಂದೇ ಅಲ್ಲ. ನೀಲಿ ಬಿಳುಪಿನ ಟಾರ್ಚ್ ಎರಡನ್ನೂ ಬೂದಿ ಮಾಡಿಬಿಡುತ್ತದೆ. ಅಜ್ಜನ ಬ್ಯಾಟ್ರಿ ಹಾಗೆ ಮಾಡುತ್ತಿರಲಿಲ್ಲ.

ಎಸ್‌2 ಪ್ಲಸ್ಸನ್ನು ಬೇರೆ ಬೇರೆ ಎಲ್‌ಇಡಿ ಹಾಕಿ ಮಾರುತ್ತಾರೆ. ನನ್ನದರಲ್ಲಿರುವುದು ಎಸ್‌ಎಸ್‌ಟಿ20 ಅನ್ನುವ ಎಲ್‌ಇಡಿ, 4000 ಕೆಲ್ವಿನ್, ಸಿಆರ್‌ಐ 95. ಕೆಲ್ವಿನ್ ಅಂದರೆ ಬೆಳಕು ಹಳದಿಯೋ ನೀಲಿಯೋ ಅನ್ನುವ ಲೆಕ್ಕ. 6500 ಅಂದರೆ ಟ್ಯೂಬ್‌ಲೈಟಿನ ನೀಲಿ ಬಿಳುಪು. 4000 ಅಂದರೆ ಬೆಳಗಿನ ಎಂಟು ಗಂಟೆಯ ಬಿಸಿಲು ಅಂದುಕೊಳ್ಳಿ. ಮೊದಲ ದಿನ ಇದನ್ನು ಮನೆಯ ಮುಂದಿನ ದಾಸವಾಳದ ಮೇಲೆ ಬಿಟ್ಟೆ. ರಾತ್ರಿ ದಾಸವಾಳ ಕೆಂಪಗೇ ಇರುತ್ತದೆ ಅಂತ ಅವತ್ತು ನೋಡಿದೆ. ಇದಕ್ಕೆ ಕೊಡಬೇಕಾದ ಬೆಲೆಯೂ ಇದೆ. ಅಷ್ಟೇ ಕರೆಂಟಿಗೆ ನೀಲಿ ಬಿಳುಪಿನ ಎಲ್‌ಇಡಿ ಇದಕ್ಕಿಂತ ಜಾಸ್ತಿ ಬೆಳಕು ಕೊಡುತ್ತದೆ. ಕೊಡಲಿ ಬಿಡಿ.

ಮಂಗನ ಕಾಯಿಲೆಯ ಸೀಸನ್‌ನಲ್ಲಿ ಇದು ಇನ್ನೊಂದು ಕೆಲಸಕ್ಕೆ ಬಂತು. ಆ ಕಾಯಿಲೆ 1957ರಲ್ಲಿ ಮೊದಲು ಗೊತ್ತಾದದ್ದೇ ನಮ್ಮ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ. ಹರಡುವುದು ಉಣ್ಣೆ. ಎಳೆಯ ಉಣ್ಣೆ ಎಳ್ಳಿಗಿಂತ ಚಿಕ್ಕದಿರುತ್ತದೆ. ಕಾಡಂಚಿನ ಮನೆಗಳಿಂದ ಬಂದ ಮೇಲೆ ಬಚ್ಚಲಿನಲ್ಲಿ ನಿಂತು ಕಾಲು, ಸಾಕ್ಸ್, ಮೊಣಕಾಲಿನ ಹಿಂಭಾಗ ಎಲ್ಲ ಟಾರ್ಚ್ ಹಾಕಿ ನೋಡಿಕೊಳ್ಳುತ್ತೇನೆ. ಮಚ್ಚೆ ಯಾವುದು, ಉಣ್ಣೆ ಯಾವುದು ಅಂತ ಈಗ ಕೂಡಲೇ ತಿಳಿಯುತ್ತದೆ.

ಇನ್ನು ಬೆಳಕಿನ ಪ್ರಮಾಣ. ಎಲ್ಲರೂ ಕೇಳುವುದು ಜಾಸ್ತಿ ಎಷ್ಟು ಅಂತ. ನಾನು ಕೇಳುವುದು ಕಡಿಮೆ ಎಷ್ಟು ಅಂತ. ಕತ್ತಲಿಗೆ ಕಣ್ಣು ಪೂರ್ತಿ ಹೊಂದಿಕೊಳ್ಳಲು ಅರ್ಧ ಗಂಟೆ ಬೇಕು. ಜೋರು ಬೆಳಕು ಒಂದು ಸಲ ಕಣ್ಣಿಗೆ ಬಿದ್ದರೆ ಮತ್ತೆ ಮೊದಲಿಂದ. ಮಲಗಿದ ದನಕ್ಕೆ ದೊಡ್ಡ ಬೆಳಕು ಹೊಡೆದರೆ ಗಾಬರಿಯಾಗಿ ಏಳಲು ಹೋಗುತ್ತದೆ. ಕರು ಹಾಕುತ್ತಿರುವ ಹಸುವಿಗಂತೂ ಅದು ಬೇಡವೇ ಬೇಡ. ಹಾಲು ಜ್ವರದ ಹಸುವಿನ ಕಣ್ಣಿನ ಪಾಪೆ ದೊಡ್ಡದಾಗಿರುತ್ತದೆ, ಬೆಳಕಿಗೆ ನಿಧಾನವಾಗಿ ಕುಗ್ಗುತ್ತದೆ. ಅದನ್ನು ನೋಡುವುದಕ್ಕೂ ಚಿಕ್ಕ ಬೆಳಕೇ ಸರಿ. ಎಸ್‌2 ಪ್ಲಸ್‌ನಲ್ಲಿ ಬೆಳಕಿನ ಹಂತಗಳ 12 ಗುಂಪುಗಳಿವೆ, ಬೇಕಾದ ಒಂದನ್ನು ಆರಿಸಿ ಇಟ್ಟುಕೊಳ್ಳಬಹುದು. ತಮ್ಮ ಕೂತು ಹೊಂದಿಸಿಕೊಟ್ಟ. ನನ್ನದು ತೀರ ಕೆಳಗಿನ ಹಂತದಲ್ಲೇ ಹತ್ತಿಕೊಳ್ಳುತ್ತದೆ. ಊದುಬತ್ತಿಯ ಕೆಂಡಕ್ಕಿಂತ ಸ್ವಲ್ಪ ಜಾಸ್ತಿ ಅಷ್ಟೇ. ರಾತ್ರಿ ಎರಡಕ್ಕೆ ಫೋನ್ ಬಂದಾಗ ಮಗಳು, ಅವಳಪ್ಪ ಇಬ್ಬರೂ ಏಳದ ಹಾಗೆ ಬಟ್ಟೆ ಬದಲಿಸಿ ಹೊರಬೀಳುವುದು ಇದರಲ್ಲೇ.

ಡಬ್ಬದ ಮೇಲಿನ ಅಂಕಿಗಳ ಬಗ್ಗೆ ಎರಡು ಮಾತು. "200 ಮೀಟರ್ ದೂರ" ಅಂತ ಬರೆದಿದ್ದರೆ 200 ಮೀಟರಿನಲ್ಲಿ ಏನಾದರೂ ಕಾಣುತ್ತದೆ ಅಂದುಕೊಳ್ಳಬೇಡಿ. ಈ ಅಳತೆಗೊಂದು ಎಫ್‌ಎಲ್1 ಅನ್ನುವ ನಿಯಮ ಇದೆ. ಬೆಳಕು 0.25 ಲಕ್ಸ್‌ಗೆ, ಅಂದರೆ ಹುಣ್ಣಿಮೆ ಬೆಳದಿಂಗಳಿನಷ್ಟಕ್ಕೆ ಇಳಿಯುವ ಜಾಗವೇ ಅದರ ದೂರ. ದನ ನಿಂತಿದೆಯೋ ಪೊದೆಯೋ ಅಂತ ತಿಳಿಯಬೇಕಾದರೆ ಅರ್ಧ ಮಾಡಿಕೊಳ್ಳಿ. ದೂರ ಎರಡು ಪಟ್ಟು ಆಗಬೇಕಾದರೆ ಬೆಳಕಿನ ನಡುಭಾಗದ ತೀವ್ರತೆ ನಾಲ್ಕು ಪಟ್ಟು ಬೇಕು. ಎಷ್ಟು ಗಂಟೆ ಉರಿಯುತ್ತದೆ ಅನ್ನುವುದೂ ಹಾಗೇ. ಆ ನಿಯಮದ ಪ್ರಕಾರ ಬೆಳಕು ಶುರುವಿನ ಹತ್ತರಲ್ಲಿ ಒಂದು ಪಾಲಿಗೆ ಇಳಿಯುವ ತನಕ ಉರಿಯುತ್ತಿದೆ ಅಂತಲೇ ಲೆಕ್ಕ. ನಾಲ್ಕು ಗಂಟೆ ಅಂತ ಬರೆದದ್ದರಲ್ಲಿ ಮೂರು ಗಂಟೆ ಮಂಕು ಬೆಳಕೇ ಇರಬಹುದು. ನನ್ನದು ಫುಲ್ ಇಟ್ಟರೆ 2.8 ಆಂಪಿಯರ್ ಎಳೆಯುತ್ತದೆ, 3000 ಎಂಎಎಚ್ ಸೆಲ್ ಒಂದು ಗಂಟೆಯ ಆಸುಪಾಸು. ಆದರೆ ಫುಲ್ ಇಡುವುದು ಸಂಕ ದಾಟುವಾಗ, ಹಳ್ಳದ ನೀರು ಎಷ್ಟು ಬಂದಿದೆ ನೋಡುವಾಗ, ಅಷ್ಟೇ. ಉಳಿದದ್ದೆಲ್ಲ ಕೆಳಗಿನ ಹಂತ. ವಾರಕ್ಕೊಂದು ಚಾರ್ಜ್ ಸಾಕು.

ಸ್ವಿಚ್ ಹಿಂಭಾಗದಲ್ಲಿದೆ. ನನಗೆ ಇದು ದೊಡ್ಡ ವಿಷಯ. ಭುಜದ ತನಕ ಪ್ಲಾಸ್ಟಿಕ್ ಗ್ಲೌಸ್, ಅದರ ಮೇಲೆ ಸೋಪಿನ ನೀರು, ಲೋಳೆ. ಅಂಥ ಕೈಯಲ್ಲಿ ಪಕ್ಕದ ಚಪ್ಪಟೆ ಬಟನ್ ಹುಡುಕುವುದಿದೆಯಲ್ಲ, ಬೇಡ ದೇವರೇ. ಹಿಂದಿನ ರಬ್ಬರ್ ಗುಂಡಿಯನ್ನು ಹೆಬ್ಬೆರಳಿನಲ್ಲಿ ಪೂರ್ತಿ ಒತ್ತಿದರೆ ಹತ್ತುತ್ತದೆ, ಆಮೇಲೆ ಅರ್ಧ ಒತ್ತಿದರೆ ಹಂತ ಬದಲು. ಮಿಣುಕು ಬೆಳಕು ಇಲ್ಲದ ಗುಂಪನ್ನೇ ಆರಿಸಿಕೊಂಡಿದ್ದೇನೆ. ಅದಕ್ಕೂ ಕಾರಣ ಇದೆ. ಹಿಂದೊಂದು ಟಾರ್ಚಿನಲ್ಲಿ ಕಡಿಮೆ, ಮಧ್ಯಮ, ಜೋರು ಆದ ಮೇಲೆ ಪಟಪಟ ಮಿಣುಕುವುದು ಬರುತ್ತಿತ್ತು. ಕರುವಿನ ಕಾಲು ಹುಡುಕುತ್ತಾ "ಅಣ್ಣಾ, ಸ್ವಲ್ಪ ಜೋರು ಮಾಡಿ" ಅಂತ ಮನೆಯವರ ಕೈಗೆ ಕೊಟ್ಟೆ. ಅವರು ಒಂದು ಸಲ ಜಾಸ್ತಿ ಒತ್ತಿದರು. ಹಸುವಿನ ಮುಖಕ್ಕೇ ಮಿಂಚು. ಬಕೆಟ್ ಅಲ್ಲಿ, ನಾನಿಲ್ಲಿ.

ಪಕ್ಕದ ಬಟನ್ನಿನ ಇನ್ನೊಂದು ಕಥೆ. ಯಾರೋ ಉಡುಗೊರೆ ಕೊಟ್ಟ ದುಬಾರಿ ಟಾರ್ಚು, ಕಂಪನಿ ಹೆಸರು ಬೇಡ. ಬ್ಯಾಗಿನೊಳಗೆ ಯಾವುದೋ ಬಾಟಲಿ ತಾಗಿ ತಾನೇ ಹತ್ತಿಕೊಂಡಿದೆ. ಸುಟ್ಟ ವಾಸನೆ ಬಂದು ತೆಗೆದು ನೋಡಿದರೆ ಸಿರಿಂಜಿನ ಕವರ್ ಕರಗಿ ಅದಕ್ಕೆ ಅಂಟಿಕೊಂಡಿತ್ತು. ಜೋರು ಬೆಳಕಿನ ಟಾರ್ಚ್ ಅಂದರೆ ಕೆಂಡ ಅಂತಲೇ ತಿಳಿಯಿರಿ. ಈಗ ಬ್ಯಾಗಿಗೆ ಹಾಕುವಾಗ ಹಿಂದಿನ ಮುಚ್ಚಳವನ್ನು ಕಾಲು ಸುತ್ತು ಸಡಿಲಿಸುತ್ತೇನೆ. ಆಗ ಗುಂಡಿ ಒತ್ತಿದರೂ ಹತ್ತುವುದಿಲ್ಲ.

ನನ್ನ ಈ ಟಾರ್ಚಿನಲ್ಲಿ ಚಾರ್ಜಿಂಗ್ ತೂತು ಇಲ್ಲ. ಸೆಲ್ ಹೊರತೆಗೆದು ಬೇರೆ ಚಾರ್ಜರಿಗೆ ಹಾಕಬೇಕು. ಇದು ತಲೆನೋವು ಅಂತ ಕೆಲವರಿಗೆ ಅನ್ನಿಸುತ್ತದೆ. ನನಗೆ ತೂತಿಲ್ಲದ್ದೇ ಒಳ್ಳೆಯದಾಯಿತು. ಕೊಟ್ಟಿಗೆಯಿಂದ ಬಂದ ಕೂಡಲೇ ನಲ್ಲಿಯ ಕೆಳಗೆ ಹಿಡಿದು ಸೋಪು ಹಾಕಿ ತಿಕ್ಕುತ್ತೇನೆ, ಡೆಟಾಲ್ ನೀರಿನಲ್ಲಿ ಒರೆಸುತ್ತೇನೆ. ಮುಚ್ಚಳದ ರಬ್ಬರ್ ರಿಂಗಿಗೆ ವರ್ಷಕ್ಕೊಮ್ಮೆ ಸಿಲಿಕಾನ್ ಗ್ರೀಸ್. ಎರಡು ಸೆಲ್ ಇಟ್ಟುಕೊಂಡಿದ್ದೇನೆ, ಒಂದು ಒಳಗೆ, ಒಂದು ಪ್ಲಾಸ್ಟಿಕ್ ಡಬ್ಬಿಯಲ್ಲಿ. ಸೆಲ್ಲನ್ನು ಬರಿದೇ ಪರ್ಸಿಗೆ ಹಾಕಬೇಡಿ. ಚಿಲ್ಲರೆಯೋ ಬೀಗದ ಕೈಯೋ ಎರಡು ತುದಿಗೂ ತಾಗಿದರೆ ಬೆಂಕಿ.

ಇದರಲ್ಲಿ ಅಯಸ್ಕಾಂತ ಇಲ್ಲ. ಕೆಲವು ಟಾರ್ಚುಗಳ ಹಿಂಭಾಗದಲ್ಲಿ ಇರುತ್ತದೆ, ಕಬ್ಬಿಣದ ಕಂಬಕ್ಕೆ ಅಂಟಿಸಿ ಎರಡೂ ಕೈ ಬಿಟ್ಟು ಕೆಲಸ ಮಾಡಬಹುದು. ನಮ್ಮ ಕೊಟ್ಟಿಗೆಗಳ ಕಂಬ ಮರದ್ದು. ಹಾಲಿನ ಕ್ಯಾನು ಅಲ್ಯೂಮಿನಿಯಂ. ಅಯಸ್ಕಾಂತ ಹಿಡಿಯುವುದಕ್ಕೆ ಅಲ್ಲೇನಿದೆ? (ಮೊಳೆ, ತಂತಿ ನುಂಗಿದ ದನದ ಹೊಟ್ಟೆಗೆ ನಾವು ಅಯಸ್ಕಾಂತ ನುಂಗಿಸುವುದುಂಟು. ಅದು ಬೇರೆ ವಿಷಯ.)

ಎರಡೂ ಕೈ ಬೇಕಾದಾಗ ಏನು ಮಾಡುತ್ತೀರಿ ಅಂತ ಕೇಳಬಹುದು. ಹೇಳಲು ನಾಚಿಕೆ. ಬಹಳ ವರ್ಷ ಬಾಯಲ್ಲಿ ಕಚ್ಚಿಕೊಳ್ಳುತ್ತಿದ್ದೆ. ಹಲ್ಲಿಗೆ ಲೋಹ ತಾಗಬಾರದು ಅಂತ ಸೈಕಲ್ ಟ್ಯೂಬಿನ ತುಂಡು ಸುತ್ತಿದ್ದೆ ಬೇರೆ. ಮಾಸು ಬರಿಗೈಯಲ್ಲಿ ಮುಟ್ಟಬೇಡಿ, ಬ್ರುಸೆಲ್ಲಾ ಅನ್ನುವ ಸೋಂಕು ಬರುತ್ತದೆ ಅಂತ ಊರಿಗೆಲ್ಲ ಪಾಠ ಹೇಳುವವಳು ನಾನೇ! ಒಂದು ದಿನ ಒಬ್ಬ ಅಜ್ಜಿ, "ಅಮ್ಮಾ, ಅದು ಈಗ ಗಂಜಲದಲ್ಲಿ ಬಿದ್ದಿತ್ತಲ್ಲ?" ಅಂತ ಮೆಲ್ಲಗೆ ಕೇಳಿದರು. ಅವತ್ತೇ ಬಿಟ್ಟೆ. ಈಗ ಸ್ಕೂಟರಿನ ಡಿಕ್ಕಿಯಲ್ಲಿ ತಲೆಗೆ ಕಟ್ಟುವ ಲೈಟ್ ಇದೆ. ಕರು ಎಳೆಯುವಾಗ, ಹೊಲಿಗೆ ಹಾಕುವಾಗ ಅದೇ ಬೇಕು. ಹಾಗಾದರೆ ಅದನ್ನೇ ಯಾವಾಗಲೂ ಕಟ್ಟಿಕೊಳ್ಳಬಹುದಲ್ವಾ? ಮಳೆಗಾಲದಲ್ಲಿ ಕಟ್ಟಿ ನೋಡಿ. ಊರಿನ ಹುಳವೆಲ್ಲ ಮೂಗಿಗೆ, ಬಾಯಿಗೆ. ಮಂಜು ಇದ್ದರೆ ಬೆಳಕು ವಾಪಸ್ ಕಣ್ಣಿಗೇ ಹೊಡೆಯುತ್ತದೆ, ಮುಂದೆ ಬಿಳಿ ಪರದೆ. ಟಾರ್ಚನ್ನು ಸೊಂಟದ ಮಟ್ಟದಲ್ಲಿ ಹಿಡಿದರೆ ಮಂಜು ಅಷ್ಟು ಕಾಡುವುದಿಲ್ಲ. ಕಲ್ಲು, ಗುಂಡಿಗಳ ನೆರಳು ಉದ್ದ ಬಿದ್ದು ದಾರಿಯ ಏರುತಗ್ಗು ತಿಳಿಯುತ್ತದೆ. ಸೈಕಲ್ ಟ್ಯೂಬ್ ಮಾತ್ರ ಇನ್ನೂ ಸುತ್ತಿಯೇ ಇದೆ. ಒದ್ದೆ ಕೈಯಿಂದ ಜಾರುವುದಿಲ್ಲ, ಇಳಿಜಾರಿನಲ್ಲಿ ಇಟ್ಟರೆ ಉರುಳುವುದಿಲ್ಲ.

ಅಮ್ಮನಿಗೆ ಇದೇ ಟಾರ್ಚ್ ತಂದುಕೊಟ್ಟಿಲ್ಲ. ಲಿಥಿಯಂ ಸೆಲ್, ಅದರ ಚಾರ್ಜರ್, ಅರ್ಧ ಒತ್ತು, ಪೂರ್ತಿ ಒತ್ತು ಇದೆಲ್ಲ ಅವರಿಗೆ ರಗಳೆ. ಅವರಿಗೆ ಗೋಡೆ ಗಡಿಯಾರದ ಸೆಲ್ ಒಂದೇ ಒಂದು ಹಾಕುವ ಬೆರಳುದ್ದದ ಟಾರ್ಚ್ ಕೊಡಿಸಿದ್ದೇನೆ. ಎಎ ಸೈಜು. ಎಂಥ ಗೂಡಂಗಡಿಯಲ್ಲೂ ಸಿಗುತ್ತದೆ. ನಾನು ಅದಕ್ಕೆ ಚಾರ್ಜ್ ಮಾಡುವ ನಿಕಲ್ ಸೆಲ್ ಹಾಕಿಟ್ಟಿದ್ದೇನೆ. ಮಾಮೂಲಿ ಸೆಲ್ ಹಾಕಿ ತಿಂಗಳುಗಟ್ಟಲೆ ಮರೆತರೆ ಅದು ಒಸರಿ ಒಳಗೆಲ್ಲ ಉಪ್ಪು ಹಿಡಿಯುತ್ತದೆ, ಟಾರ್ಚ್ ಕಥೆ ಮುಗಿಯಿತು. ಅಮ್ಮ ಅದನ್ನು ಮಂಗಳಸೂತ್ರದ ಪಕ್ಕದಲ್ಲೇ ಒಂದು ದಾರ ಕಟ್ಟಿ ಕೊರಳಿಗೆ ಹಾಕಿಕೊಂಡಿದ್ದಾರೆ. ಸೀರೆಗೂ ಜೇಬಿಲ್ಲ ನೋಡಿ.

ಎಸ್‌2 ಪ್ಲಸ್ ಎಲ್ಲರಿಗೂ ಆಗುತ್ತದೆ ಅಂತ ನಾನು ಹೇಳುವುದಿಲ್ಲ. ಕಳೆದ ಸುಗ್ಗಿಯಲ್ಲಿ ಒಬ್ಬರು ಗದ್ದೆಗೆ ಹಂದಿ ಕಾಯಲು ಬೇಕು ಅಂತ ಇದನ್ನೇ ನೋಡಿ ಹೋಗಿ ತರಿಸಿದರು. ಮಾಳದ ಮೇಲೆ ಕೂತು ಆಚೆ ದಡಕ್ಕೆ ಬಿಟ್ಟರೆ ಏನೂ ಕಾಣಲಿಲ್ಲ. "ಡಾಕ್ಟ್ರಮ್ಮ, ಇದೇನು ದೀಪಾವಳಿ ಹಣತೆಯಾ?" ಅಂತ ಆಸ್ಪತ್ರೆಗೇ ಬಂದು ಕೇಳಿದರು. ತಪ್ಪು ನನ್ನದೇ. ಇದರ ಬೆಳಕು ಹತ್ತಿರವನ್ನು ಅಗಲವಾಗಿ ತೋರಿಸುತ್ತದೆ, ದೂರ ಹೊಡೆಯುವುದಿಲ್ಲ. ಹಂದಿ ಕಾಯುವವರಿಗೆ ದೊಡ್ಡ ತಲೆಯ, ಆಳದ ಗಿಂಡಿಯಂಥ ರಿಫ್ಲೆಕ್ಟರ್ ಇರುವ ಟಾರ್ಚೇ ಬೇಕು. ಅಂಥದ್ದೊಂದನ್ನು ಅವರು ಆಮೇಲೆ ಕೊಂಡರು. ಇದನ್ನು ನನಗೇ ಅರ್ಧ ಬೆಲೆಗೆ ಕೊಟ್ಟು ಹೋದರು. ಈಗ ನನ್ನ ಹತ್ತಿರ ಎರಡಿವೆ. ಎಡಗಡೆಗೂ ಒಂದು ಜೇಬು ಹೊಲಿದುಕೊಡಿ ಅಂತ ಟೈಲರಿಗೆ ಇನ್ನೂ ಹೇಳಿಲ್ಲ.